ಶೇಕಡಾ 99 ಶುದ್ಧ ಎಂದರೆ ಏನು? ಪೆಪ್ಟೈಡ್ ಪರೀಕ್ಷಾ ವರದಿಯನ್ನು ಚರಿತ್ರೆಯ ದಾಖಲೆಯಾಗಿ ಓದುವುದು

(ವಿದ್ಯಾನಗರದಿಂದ ನಡೆದ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ. ಚರ್ಚೆಯ ಮುಖ್ಯ ಭಾಗ ಕೊನೆಯಲ್ಲಿದೆ.)

ಚರಿತ್ರೆ ಓದುವವನು ರಸಾಯನಶಾಸ್ತ್ರದ ಕಾಗದ ಹಿಡಿದುಕೊಂಡು ಯಾಕೆ ಬಂದ ಅಂತ ಕೆಲವರಿಗೆ ಅನ್ನಿಸಿರಬಹುದು. ಕಾರಣ ಸರಳ. ಪ್ರಯೋಗಾಲಯದ ವರದಿಯೂ ಒಂದು ದಾಖಲೆ. ಶಾಸನವೊಂದು ಸಿಕ್ಕಿದಾಗ ನಾವು ಮೊದಲು ಕೇಳುವುದೇನು? ಬರೆಸಿದವರು ಯಾರು, ಯಾವಾಗ ಬರೆಸಿದರು, ಯಾರಿಗೆ ತೋರಿಸಲು, ಏನನ್ನು ಹೇಳದೆ ಬಿಟ್ಟರು. ಪರೀಕ್ಷಾ ವರದಿಯ ಮುಂದೆ ಮಾತ್ರ ಈ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಕೊನೆಯ ಅಂಕಿಯೊಂದನ್ನೇ ನೋಡುತ್ತೇವೆ. ‘99.1%’ ಅಂತ ಬರೆದಿದ್ದರೆ ಮಾತು ಮುಗಿಯಿತು.

ಈ ವಿಷಯವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಈಗ ಇಂಟರ್ನೆಟ್‌ನಲ್ಲಿ ಸಣ್ಣ ಗಾಜಿನ ಶೀಶೆಗಳಲ್ಲಿ ಪೆಪ್ಟೈಡ್ ಪುಡಿ ಮಾರುತ್ತಾರೆ. ತೂಕ ಇಳಿಸಲಿಕ್ಕೆ, ಸ್ನಾಯು ಬೆಳೆಸಲಿಕ್ಕೆ, ಗಾಯ ಬೇಗ ಮಾಗಲಿಕ್ಕೆ ಅಂತ. ಶೀಶೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ, ಜೊತೆಗೊಂದು ವಿಶ್ಲೇಷಣಾ ಪ್ರಮಾಣಪತ್ರ. ಅದರಲ್ಲಿ ಒಂದು ಗೆರೆಚಿತ್ರ, ನಡುವೆ ಗೋಪುರದ ಹಾಗೆ ಎದ್ದ ಒಂದು ಶಿಖರ, ಕೆಳಗೆ ಶೇಕಡಾವಾರು. ಜಿಮ್‌ಗೆ ಹೋಗುವ ಹುಡುಗರು ಈ ಹಾಳೆಯನ್ನು ಫೋನಿನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸುತ್ತಾರೆ. ಅದನ್ನು ನಂಬಿ ಸೂಜಿ ಚುಚ್ಚಿಕೊಳ್ಳುವವರೂ ಇದ್ದಾರೆ. ಹಾಗಾಗಿ ಈ ಹಾಳೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿದುಕೊಳ್ಳುವುದು ಕೇವಲ ಪಾಂಡಿತ್ಯದ ಕೆಲಸವಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಶುದ್ಧತೆ ಎನ್ನುವುದು ವಸ್ತುವಿನೊಳಗೆ ಕೂತಿರುವ ಗುಣ ಅಂತ ನಾವು ತಿಳಿಯುತ್ತೇವೆ. ಚರಿತ್ರೆ ನೋಡಿದರೆ, ಅದು ಪರೀಕ್ಷೆ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ. ಪ್ರಶ್ನೆ ಬದಲಾದಾಗಲೆಲ್ಲ ನಿನ್ನೆಯ ‘ಶುದ್ಧ’ ಇವತ್ತಿನ ‘ಬೆರಕೆ’ಯಾಗಿದೆ. ಇದಕ್ಕೆ ಇನ್ಸುಲಿನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ.

1. ಮೊಲದ ಸಾಕ್ಷ್ಯ

ಅಮೈನೋ ಆಮ್ಲಗಳು ಮಣಿಸರದಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡರೆ ಅದು ಪೆಪ್ಟೈಡ್. ಸರ ಬಹಳ ಉದ್ದವಾದರೆ ಪ್ರೋಟೀನ್ ಅನ್ನುತ್ತೇವೆ. ಇನ್ಸುಲಿನ್ ಇವೆರಡರ ಗಡಿಯಲ್ಲಿದೆ. ಒಂದು ಸರದಲ್ಲಿ 21, ಇನ್ನೊಂದರಲ್ಲಿ 30, ಒಟ್ಟು 51 ಮಣಿ.

1922ರ ಜನವರಿ 11ರಂದು ಕೆನಡಾದ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೇದೋಜೀರಕ ಗ್ರಂಥಿಯ ಸಾರವನ್ನು ಚುಚ್ಚಿದರು. ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ತಯಾರಿಸಿದ ಸಾರ ಅದು, ಕಂದು ಬಣ್ಣದ ದ್ರವ. ರಕ್ತದ ಸಕ್ಕರೆ ಸ್ವಲ್ಪ ಇಳಿಯಿತು, ಆದರೆ ಚುಚ್ಚಿದ ಜಾಗದಲ್ಲಿ ಕುರು ಎದ್ದಿತು. ಚಿಕಿತ್ಸೆ ನಿಲ್ಲಿಸಬೇಕಾಯಿತು. ಜೇಮ್ಸ್ ಕಾಲಿಪ್ ಎಂಬ ಜೀವರಸಾಯನಜ್ಞ ಆಲ್ಕೊಹಾಲಿನ ಪ್ರಮಾಣವನ್ನು ಹಂತ ಹಂತವಾಗಿ ಏರಿಸುತ್ತಾ, ಬೇಡದ ಪ್ರೋಟೀನುಗಳು ಮೊದಲು ತಳ ಸೇರುವ ಹಾಗೆ, ಬೇಕಾದದ್ದು ಆಮೇಲೆ ಬೀಳುವ ಹಾಗೆ ಮಾಡಿದರು. ಜನವರಿ 23ರಿಂದ ಅದೇ ಹುಡುಗನಿಗೆ ಈ ಹೊಸ ಸಾರ ಕೊಟ್ಟರು. ಈ ಬಾರಿ ಸಕ್ಕರೆ ಇಳಿಯಿತು, ಹುಡುಗ ಚೇತರಿಸಿಕೊಂಡ. 12 ದಿನಗಳ ಅಂತರದಲ್ಲಿ ಬದಲಾದದ್ದು ಔಷಧವಲ್ಲ, ಅದರ ಶುದ್ಧತೆ. ಪಠ್ಯಪುಸ್ತಕಗಳಲ್ಲಿ ‘ಇನ್ಸುಲಿನ್‌ನ ಆವಿಷ್ಕಾರ’ ಅಂತ ಓದುವ ಕಥೆ ಅರ್ಧಕ್ಕರ್ಧ ಶುದ್ಧೀಕರಣದ ಕಥೆ.

ಆದರೆ ಆಗ ಶುದ್ಧತೆಯನ್ನು ಅಳೆಯುವುದು ಹೇಗೆ? ಇನ್ಸುಲಿನ್ ಅಂದರೆ ಯಾವ ಅಣು ಎಂಬುದೇ ಗೊತ್ತಿರಲಿಲ್ಲ. ಹಾಗಾಗಿ ಮೊಲವೇ ತಕ್ಕಡಿಯಾಯಿತು. 24 ಗಂಟೆ ಉಪವಾಸ ಕೆಡವಿದ, ಸುಮಾರು ಎರಡು ಕಿಲೋ ತೂಕದ ಮೊಲದ ರಕ್ತದ ಸಕ್ಕರೆಯನ್ನು 100 ಮಿಲಿಲೀಟರಿಗೆ 45 ಮಿಲಿಗ್ರಾಂ ಮಟ್ಟಕ್ಕೆ ಇಳಿಸಲು ಬೇಕಾದ ಪ್ರಮಾಣವನ್ನು ಮೊದಲಿಗೆ ಒಂದು ಘಟಕ ಅಂತ ಕರೆದರು. ರೋಗಿಗೆ ಅದು ಹೆಚ್ಚಾಯಿತೆಂದು ಆಮೇಲೆ ಅದರ ಮೂರನೇ ಒಂದು ಪಾಲನ್ನು ಘಟಕವೆಂದು ಒಪ್ಪಿಕೊಂಡರು. ಇವತ್ತಿಗೂ ನಮ್ಮ ಮನೆಯ ಹಿರಿಯರು ‘ಬೆಳಗ್ಗೆ 20 ಯುನಿಟ್, ರಾತ್ರಿ 10 ಯುನಿಟ್’ ಅನ್ನುತ್ತಾರಲ್ಲ, ಆ ಯುನಿಟ್‌ನ ಮೂಲ ಈ ಮೊಲ.

ಇನ್ನು ಮೊಲಗಳೂ ಎಲ್ಲ ಒಂದೇ ತರ ಇರುವುದಿಲ್ಲ. ಒಂದು ಊರಿನ ಪ್ರಯೋಗಾಲಯದ ಘಟಕ ಇನ್ನೊಂದು ಊರಿನದಕ್ಕೆ ಹೊಂದಬೇಕಾದರೆ ಎಲ್ಲರಿಗೂ ಸಮಾನವಾದ ಒಂದು ಮಾದರಿ ಪುಡಿ ಬೇಕು. ರಾಷ್ಟ್ರಸಂಘದ ಆರೋಗ್ಯ ವಿಭಾಗ 1923ರಲ್ಲಿ ಎಡಿನ್‌ಬರೋದಲ್ಲಿ ಇದನ್ನು ಚರ್ಚಿಸಿತು. 1925ರಲ್ಲಿ ಮೊದಲ ಅಂತರರಾಷ್ಟ್ರೀಯ ಮಾದರಿ ಬಂತು, ಒಂದು ಮಿಲಿಗ್ರಾಂಗೆ 8 ಘಟಕ. 1935ರ ಎರಡನೆಯ ಮಾದರಿಯಲ್ಲಿ ಅದು 22. 1958ರ ನಾಲ್ಕನೆಯದರಲ್ಲಿ 24. ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1925ರಲ್ಲಿ ಜಗತ್ತಿಗೇ ಅಳತೆಗೋಲಾಗಿದ್ದ ಪುಡಿಯಲ್ಲಿ ನಿಜವಾದ ಇನ್ಸುಲಿನ್ ಇದ್ದದ್ದು ಮೂರನೇ ಒಂದು ಪಾಲಿನ ಆಸುಪಾಸು ಮಾತ್ರ. ಮೊಲದ ಪರೀಕ್ಷೆ ಕೇಳಿದ್ದು ಒಂದೇ ಪ್ರಶ್ನೆ: ಸಕ್ಕರೆ ಇಳಿಯುತ್ತದೆಯೇ? ಉಳಿದ ಮೂರನೇ ಎರಡು ಪಾಲು ಏನು ಅಂತ ಮೊಲ ಹೇಳಲಾರದು.

2. ಹರಳು ಕೊಟ್ಟ ಭರವಸೆ

1926ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾನ್ ಜೇಕಬ್ ಏಬೆಲ್ ಇನ್ಸುಲಿನ್ನನ್ನು ಹರಳುಗಟ್ಟಿಸಿದರು. ಹರಳು ಎಂದರೆ ಒಂದೇ ತರದ ಅಣುಗಳು ಸಾಲಾಗಿ ಜೋಡಿಸಿಕೊಂಡದ್ದು. ಹಾಗಾಗಿ ಹರಳಾದದ್ದು ಶುದ್ಧ ಎಂಬುದು ರಸಾಯನಶಾಸ್ತ್ರದ ಹಳೆಯ ನಂಬಿಕೆ. ಕಲ್ಲುಸಕ್ಕರೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ಕೆಲವರು ಒಪ್ಪಲಿಲ್ಲ. ಹರಳಾಗಿರುವುದು ಯಾವುದೋ ಪ್ರೋಟೀನು, ನಿಜವಾದ ಹಾರ್ಮೋನು ಅದಕ್ಕೆ ಅಂಟಿಕೊಂಡಿರುವ ಕೊಳೆ ಇರಬಹುದಲ್ಲ ಎಂದರು. ಈಗ ಕೇಳಿದರೆ ನಗು ಬರಬಹುದು. ಆದರೆ ಕೈಯಲ್ಲಿದ್ದ ಸಾಕ್ಷ್ಯದಿಂದ ಅದನ್ನು ಪೂರ್ತಿ ತಳ್ಳಿಹಾಕುವುದು ಆಗ ಸುಲಭವಿರಲಿಲ್ಲ. 1934ರಲ್ಲಿ ಟೊರಾಂಟೊದ ಡಿ. ಎ. ಸ್ಕಾಟ್, ಹರಳುಗಟ್ಟಲು ಸತು ಬೇಕು ಎಂದು ತೋರಿಸಿದರು. ಅಂದ್ರೆ ‘ಶುದ್ಧ’ ಹರಳಿನೊಳಗೆ ಇನ್ನೊಂದು ವಸ್ತು ಇರಲೇಬೇಕಿತ್ತು!

ಮುಂದೆ ಕೇಂಬ್ರಿಜ್‌ನಲ್ಲಿ ಫ್ರೆಡರಿಕ್ ಸ್ಯಾಂಗರ್ ಈ ಹರಳನ್ನೇ ಬಿಡಿಸುತ್ತಾ ಹೋದರು. ಯಾವ ಮಣಿಯ ಪಕ್ಕ ಯಾವ ಮಣಿ ಎಂಬುದನ್ನು ಒಂದೊಂದಾಗಿ ಓದಿ, 1955ರ ಹೊತ್ತಿಗೆ ಹಸುವಿನ ಇನ್ಸುಲಿನ್‌ನ ಪೂರ್ತಿ ರಚನೆಯನ್ನು ಮುಂದಿಟ್ಟರು. 1958ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ಮೊದಲ ಬಾರಿಗೆ ಒಂದು ಹೊಸ ಪ್ರಶ್ನೆ ಸಾಧ್ಯವಾಯಿತು. ‘ಸಕ್ಕರೆ ಇಳಿಸುತ್ತದೆಯೇ’ ಅಂತಲ್ಲ, ‘ಈ 51 ಮಣಿಗಳು ಈ ಕ್ರಮದಲ್ಲೇ ಇವೆಯೇ’ ಅಂತ. ಗುರುತು ಸಿಕ್ಕಿದ ಮೇಲೆಯೇ ಬೆರಕೆ ಎಂಬ ಪದಕ್ಕೆ ಖಚಿತವಾದ ಅರ್ಥ ಬಂತು.

ಅಷ್ಟರಲ್ಲೇ ಹರಳಿನ ಮೇಲಿನ ಭರವಸೆಗೆ ಬಿರುಕು ಬಿಟ್ಟಿತ್ತು. ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಲೈಮನ್ ಕ್ರೇಗ್, ಒಂದರಲ್ಲೊಂದು ಬೆರೆಯದ ಎರಡು ದ್ರವಗಳ ನಡುವೆ ವಸ್ತುವನ್ನು ನೂರಾರು ಸಲ ಹಂಚುತ್ತಾ ಬೇರ್ಪಡಿಸುವ ಉಪಕರಣ ಕಟ್ಟಿದ್ದರು. 1952ರಲ್ಲಿ ಹಾರ್ಫೆನಿಸ್ಟ್ ಮತ್ತು ಕ್ರೇಗ್ ಹರಳು ಇನ್ಸುಲಿನ್ನನ್ನು ಹೀಗೆ ಹಂಚಿದಾಗ ಎರಡು ಘಟಕಗಳು ಬೇರೆಯಾದವು. ಅವುಗಳ ನಡುವಿನ ವ್ಯತ್ಯಾಸ ಒಂದು ಅಮೈಡ್ ಗುಂಪು, ಅಷ್ಟೇ. ಮೊಲಕ್ಕೆ ಆ ವ್ಯತ್ಯಾಸ ತಿಳಿಯದು, ಹರಳಿಗೂ ತಿಳಿಯದು.

3. ಒಂದು ಶಿಖರ ಮೂರಾದದ್ದು

ದೊಡ್ಡ ಪೆಟ್ಟು ಬಿದ್ದದ್ದು 1967ರಲ್ಲಿ. ಶಿಕಾಗೊದಲ್ಲಿ ಡೊನಾಲ್ಡ್ ಸ್ಟೈನರ್, ದೇಹವು ಇನ್ಸುಲಿನ್‌ನ ಎರಡು ಸರಗಳನ್ನು ಬೇರೆ ಬೇರೆಯಾಗಿ ಮಾಡಿ ಜೋಡಿಸುವುದಿಲ್ಲ, ಮೊದಲು ಒಂದೇ ಉದ್ದದ ಸರ ಮಾಡಿ ನಡುವಿನ ತುಂಡನ್ನು ಕತ್ತರಿಸಿ ತೆಗೆಯುತ್ತದೆ ಎಂದು ಕಂಡುಕೊಂಡರು. ಆ ಉದ್ದದ ಸರಕ್ಕೆ ಪ್ರೊಇನ್ಸುಲಿನ್ ಅಂತ ಹೆಸರು. ಹಾಗಾದರೆ ಪ್ರಾಣಿಗಳ ಗ್ರಂಥಿಯಿಂದ ತೆಗೆದ ಔಷಧದಲ್ಲಿ ಈ ಕತ್ತರಿಸದ ಸರವೂ ಇರಬೇಕಲ್ಲ? ಹುಡುಕಿದರು. ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಕೊಳವೆಯಲ್ಲಿ ಹರಳು ಇನ್ಸುಲಿನ್ ಹರಿಸಿದಾಗ ಮೂರು ಭಾಗಗಳು ಕಂಡವು. ಮೊದಲನೆಯದರಲ್ಲಿ ದೊಡ್ಡ ಪ್ರೋಟೀನುಗಳು, ಎರಡನೆಯದರಲ್ಲಿ ಪ್ರೊಇನ್ಸುಲಿನ್ ಮತ್ತು ಅದರ ಬಂಧುಗಳು, ಮೂರನೆಯದರಲ್ಲಿ ಇನ್ಸುಲಿನ್.

ನಮ್ಮ ಕಡೆಯ ಅಡಿಕೆ ವ್ಯವಹಾರ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಜರಡಿ ಹಿಡಿದರೆ ಗಾತ್ರ ಬೇರೆಯಾಗುತ್ತದೆ. ಕಣ್ಣಲ್ಲಿ ಆಯ್ದರೆ ಪಟೋರ, ಕರಿಗೋಟು ಬೇರೆಯಾಗುತ್ತವೆ. ಹೊರಗೆ ಚೆನ್ನಾಗಿ ಕಂಡು ಒಳಗೆ ಹಾಳಾದದ್ದು ಗೊತ್ತಾಗಬೇಕಾದರೆ ಕತ್ತಿ ಹಾಕಲೇಬೇಕು. ಜರಡಿ ದಾಟಿತು ಅಂದ ಮಾತ್ರಕ್ಕೆ ಕತ್ತಿಯ ಪರೀಕ್ಷೆ ಗೆದ್ದಂತಲ್ಲ.

ಇದು ಪ್ರಯೋಗಾಲಯದೊಳಗಿನ ಜಗಳವಾಗಿ ಮಾತ್ರ ಉಳಿಯಲಿಲ್ಲ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದವರಲ್ಲಿ ಹಲವರಿಗೆ ಚುಚ್ಚಿದ ಜಾಗದಲ್ಲಿ ಚರ್ಮದ ಕೆಳಗಿನ ಕೊಬ್ಬು ಕರಗಿ ಗುಳಿ ಬೀಳುತ್ತಿತ್ತು. ಕೆಲವರಿಗೆ ಕೆಂಪಾಗಿ ತುರಿಕೆ. ರಕ್ತದಲ್ಲಿ ಇನ್ಸುಲಿನ್ ವಿರುದ್ಧ ಪ್ರತಿಕಾಯಗಳು. ಇವೆಲ್ಲ ಇನ್ಸುಲಿನ್‌ನದ್ದೇ ಸ್ವಭಾವ ಎಂದುಕೊಂಡು ರೋಗಿಗಳು ದಶಕಗಟ್ಟಲೆ ಸಹಿಸಿದ್ದರು. 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಲಿಲ್ಲಿ ಕಂಪನಿ ಮೂರನೆಯ ಭಾಗವನ್ನು ಮಾತ್ರ ಉಳಿಸಿಕೊಂಡು ‘ಏಕಶಿಖರ’ ಇನ್ಸುಲಿನ್ ತಂದಿತು. ಡೆನ್ಮಾರ್ಕಿನ ನೋವೊ ಕಂಪನಿಯಲ್ಲಿ ಯೋರ್ಗೆನ್ ಶ್ಲಿಕ್ಟ್‌ಕ್ರುಲ್ ಅವರ ತಂಡ ವಿದ್ಯುದಾವೇಶದ ಪ್ರಕಾರವೂ ಬೇರ್ಪಡಿಸಿ, 1973ರಲ್ಲಿ ‘ಏಕಘಟಕ’ ಇನ್ಸುಲಿನ್ ಮಾರುಕಟ್ಟೆಗೆ ಬಿಟ್ಟಿತು. ಹಳೆಯ ಹರಳು ಇನ್ಸುಲಿನ್‌ನಲ್ಲಿ ಪ್ರೊಇನ್ಸುಲಿನ್ ಹತ್ತು ಲಕ್ಷಕ್ಕೆ 10,000 ಭಾಗಗಳಿಗಿಂತ ಹೆಚ್ಚಿರುತ್ತಿತ್ತು. ಹೊಸದರಲ್ಲಿ ಅದು 10ಕ್ಕಿಂತ ಕೆಳಗಿಳಿಯಿತು. ಶುದ್ಧವಾದ ಇನ್ಸುಲಿನ್ನನ್ನು ಆ ಗುಳಿಗಳಿಗೇ ಚುಚ್ಚುತ್ತಾ ಬಂದಾಗ ಎಷ್ಟೋ ರೋಗಿಗಳಲ್ಲಿ ಗುಳಿ ತುಂಬಿಕೊಂಡಿತು.

ಇಲ್ಲಿ ನಿಂತು ಒಂದು ಲೆಕ್ಕ ಮಾಡೋಣ. ಹತ್ತು ಲಕ್ಷಕ್ಕೆ 10,000 ಎಂದರೆ ನೂರಕ್ಕೆ ಒಂದು. ಅದೊಂದೇ ಕಲ್ಮಶ ಎಂದಿಟ್ಟುಕೊಂಡರೆ ಆ ಇನ್ಸುಲಿನ್ ಶೇಕಡಾ 99 ಶುದ್ಧ! ಇಂಟರ್ನೆಟ್ಟಿನ ಶೀಶೆಯ ಜೊತೆ ಬರುವ ಹಾಳೆಯಲ್ಲಿ ಇರುವುದೂ ಇದೇ ಅಂಕಿ. ಉಳಿದ ಒಂದು ಭಾಗ ನೀರೋ ಉಪ್ಪೋ ಆದರೆ ಚಿಂತೆಯಿಲ್ಲ. ದೇಹ ಶತ್ರು ಎಂದು ಗುರುತಿಸುವ ಪೆಪ್ಟೈಡ್ ಆದರೆ ಆ ಒಂದೇ ಸಾಕು. ಹಾಗಾಗಿ ‘ಎಷ್ಟು ಶುದ್ಧ’ ಎಂಬುದಕ್ಕಿಂತ ‘ಉಳಿದದ್ದು ಏನು’ ಎಂಬ ಪ್ರಶ್ನೆ ದೊಡ್ಡದು.

4. ಕೈಯಿಂದ ಕಟ್ಟಿದ ಸರ, ಕೈಯಿಂದ ಬಂದ ಬೆರಕೆ

1963ರಲ್ಲಿ ಬ್ರೂಸ್ ಮೆರಿಫೀಲ್ಡ್ ಪೆಪ್ಟೈಡ್ ತಯಾರಿಕೆಯನ್ನೇ ಬದಲಾಯಿಸಿದರು. ಪ್ಲಾಸ್ಟಿಕ್ಕಿನಂಥ ರಾಳದ ಸಣ್ಣ ಮಣಿಗಳಿಗೆ ಮೊದಲ ಅಮೈನೋ ಆಮ್ಲವನ್ನು ಅಂಟಿಸುವುದು, ಅದಕ್ಕೆ ಎರಡನೆಯದು, ಮೂರನೆಯದು, ಹೀಗೆ ಪೋಣಿಸುತ್ತಾ ಹೋಗುವುದು, ಪ್ರತಿ ಸಲ ತೊಳೆಯುವುದು, ಕೊನೆಗೆ ಸರವನ್ನು ರಾಳದಿಂದ ಬಿಡಿಸುವುದು. 1984ರಲ್ಲಿ ಇದಕ್ಕೆ ನೊಬೆಲ್ ಬಂತು. ಈ ವಿಧಾನ ಬಹಳ ಚೆಂದ, ಆದರೆ ಅದರೊಳಗೇ ಒಂದು ಅಪಾಯ ಇದೆ. ಪ್ರತಿ ಹಂತದಲ್ಲಿ ನೂರರಲ್ಲಿ 99 ಸರಗಳು ಸರಿಯಾಗಿ ಬೆಳೆದವು ಎಂದಿಟ್ಟುಕೊಳ್ಳಿ. 9 ಮಣಿಗಳ ಸರಕ್ಕೆ 8 ಕೊಂಡಿ, ಕೊನೆಗೆ ನೂರಕ್ಕೆ ಸುಮಾರು 92 ಸರಿ. 30 ಮಣಿಗಳಾದರೆ ಸುಮಾರು 75. ಮೆರಿಫೀಲ್ಡ್ ಮತ್ತು ಬರ್ನ್ಡ್ ಗುಟ್ಟೆ 1969ರಲ್ಲಿ 124 ಮಣಿಗಳ ರೈಬೊನ್ಯೂಕ್ಲಿಯೇಸ್ ಕಟ್ಟಿದರು. ಇದೇ ಲೆಕ್ಕ ಹಿಡಿದರೆ ಅಲ್ಲಿಗೆ ನೂರಕ್ಕೆ 29 ಮಾತ್ರ. ಉಳಿದವು ಒಂದೆರಡು ಮಣಿ ಬಿಟ್ಟುಹೋದ ಸರಗಳು, ನೋಡಲು ಅಣ್ಣತಮ್ಮಂದಿರ ಹಾಗೆ. ಪ್ರಾಣಿಯ ಗ್ರಂಥಿಯಿಂದ ತೆಗೆದಾಗ ಬರುತ್ತಿದ್ದ ಕಲ್ಮಶ ಪರಕೀಯ, ಕೈಯಿಂದ ಕಟ್ಟಿದಾಗ ಬರುವ ಕಲ್ಮಶ ಸ್ವಂತ ಬಂಧು. ಬಂಧುವನ್ನು ಬೇರ್ಪಡಿಸುವುದು ಕಷ್ಟ.

ಅದಕ್ಕೆ ಬಂದದ್ದೇ ಎಚ್‌ಪಿಎಲ್‌ಸಿ. ಹೆಚ್ಚಿನ ಒತ್ತಡದಲ್ಲಿ ದ್ರವವನ್ನು ನುಣುಪಾದ ಪುಡಿ ತುಂಬಿದ ಕೊಳವೆಯ ಮೂಲಕ ಹಾಯಿಸುವುದು. ಎಣ್ಣೆಯ ಸ್ವಭಾವ ಹೆಚ್ಚಿರುವ ಅಣು ಪುಡಿಗೆ ಅಂಟಿಕೊಂಡು ತಡವಾಗಿ ಹೊರಬರುತ್ತದೆ, ಕಡಿಮೆ ಇರುವುದು ಬೇಗ ಬರುತ್ತದೆ. ಹೊರಬಾಗಿಲಲ್ಲಿ ಅತಿನೇರಳೆ ಬೆಳಕು ಕಾಯುತ್ತಿರುತ್ತದೆ. ಪೆಪ್ಟೈಡ್ ಕೊಂಡಿ ಸುಮಾರು 214ರಿಂದ 220 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ, ಹಾಗಾಗಿ ಪೆಪ್ಟೈಡ್ ಹಾದುಹೋದಾಗಲೆಲ್ಲ ಗೆರೆ ಮೇಲೇಳುತ್ತದೆ. ಎಲ್ಲ ಶಿಖರಗಳ ವಿಸ್ತೀರ್ಣ ಕೂಡಿಸಿ, ಮುಖ್ಯ ಶಿಖರದ ಪಾಲು ಎಷ್ಟು ಅಂತ ಲೆಕ್ಕ ಹಾಕಿದರೆ ಸಿಗುವುದೇ ಆ ಪ್ರಸಿದ್ಧ ಶೇಕಡಾವಾರು. ಇನ್ಸುಲಿನ್‌ನ ಬಾಟಲಿಗಳಿಗೂ ಕ್ರಮೇಣ ಮೊಲದ ಜಾಗದಲ್ಲಿ ಈ ಯಂತ್ರವೇ ಬಂತು.

5. ಬೆಂಗಳೂರಿನ ಎರಡು ಪುಟಗಳು

ಈ ಚರಿತ್ರೆಯಲ್ಲಿ ಕರ್ನಾಟಕದ ಪಾಲೂ ಇದೆ. ಟ್ರೈಕೊಡರ್ಮಾ ಎಂಬ ಶಿಲೀಂಧ್ರ ನಮ್ಮ ಕೃಷಿಕರಿಗೆ ಚೆನ್ನಾಗಿ ಗೊತ್ತು, ಕಾಳುಮೆಣಸಿನ ಬುಡಕ್ಕೆ ಹಾಕುತ್ತಾರೆ. ಅದರ ಒಂದು ಜಾತಿಯಿಂದ 1967ರಲ್ಲಿ ಆಲಮೆಥಿಸಿನ್ ಎಂಬ ಪೆಪ್ಟೈಡ್ ಬೇರ್ಪಡಿಸಿದರು. ಮೊದಲು ಇದು ಬಳೆಯ ಹಾಗೆ ಸುತ್ತಿಕೊಂಡ ಸರ ಎಂದು ಬರೆದರು. 1970ರ ದಶಕದ ಉತ್ತರಾರ್ಧದಲ್ಲಿ, ಅಲ್ಲ, ಇದು ತುದಿಗಳಿರುವ ಉದ್ದನೆಯ ಸರ ಎಂದು ತಿದ್ದಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎನ್. ರಾಮಚಂದ್ರನ್ ಕಟ್ಟಿದ ಅಣು ಜೈವಿಕ ಭೌತವಿಜ್ಞಾನ ಘಟಕದಲ್ಲಿ ಪಿ. ಬಲರಾಮ್ ಮತ್ತು ಅವರ ವಿದ್ಯಾರ್ಥಿಗಳು ಈ ಪೆಪ್ಟೈಡಿನ ತುಣುಕುಗಳನ್ನು ಕೈಯಿಂದ ಕಟ್ಟಿ ಅಭ್ಯಾಸ ಮಾಡಿದರು. ಎಚ್‌ಪಿಎಲ್‌ಸಿ ಬಂದ ಮೇಲೆ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ಶಿಲೀಂಧ್ರ ಕೊಡುವ ಆಲಮೆಥಿಸಿನ್ ಒಂದು ಅಣುವಲ್ಲ, ಒಂದೆರಡು ಮಣಿಗಳಲ್ಲಿ ವ್ಯತ್ಯಾಸ ಇರುವ ಅಣುಗಳ ಒಂದು ಕುಟುಂಬ. ಒಂದೇ ಹೆಸರು ಇದ್ದ ಮಾತ್ರಕ್ಕೆ ಒಂದೇ ವಸ್ತು ಆಗಬೇಕಾಗಿಲ್ಲ.

ಎರಡನೆಯದು ಉದ್ಯಮದ ಪುಟ. 1982ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾದಿಂದ ತಯಾರಾದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಪಿಚಿಯಾ ಎಂಬ ಯೀಸ್ಟ್‌ನಲ್ಲಿ ತಯಾರಿಸಿದ ಇನ್ಸುಲಿನ್ ಬಿಡುಗಡೆ ಮಾಡಿತು. ಇಲ್ಲಿ ಹಂದಿ, ಹಸುವಿನ ಪ್ರೊಇನ್ಸುಲಿನ್ ಇಲ್ಲ. ಆದರೆ ಯೀಸ್ಟ್ ತನ್ನದೇ ಪ್ರೋಟೀನುಗಳನ್ನು ಬಿಟ್ಟುಕೊಡಬಹುದು, ಸರಕ್ಕೆ ಸಕ್ಕರೆಯ ಅಣು ಅಂಟಿಸಬಹುದು. ತಯಾರಿಸುವ ದಾರಿ ಬದಲಾದರೆ ಕಲ್ಮಶದ ಪಟ್ಟಿಯೂ ಬದಲಾಗುತ್ತದೆ, ಅದಕ್ಕೆ ತಕ್ಕ ಪರೀಕ್ಷೆಯೂ ಬೇಕು.

6. ಹಾಳೆಯನ್ನು ಓದುವುದು ಹೇಗೆ

ಈಗ ಆ ಪ್ರಮಾಣಪತ್ರಕ್ಕೆ ಬರೋಣ. ಚರಿತ್ರೆಯ ಪ್ರತಿಯೊಂದು ಹಂತವೂ ಅದರಲ್ಲಿ ಒಂದೊಂದು ಸಾಲಾಗಿ ಇರಬೇಕು.

ಮೊದಲನೆಯದು ಗುರುತು. ಮಾಸ್ ಸ್ಪೆಕ್ಟ್ರೋಮೀಟರ್ ಅಣುವಿನ ತೂಕ ಹೇಳುತ್ತದೆ. ಇರಬೇಕಾದ ತೂಕವೂ ಕಂಡ ತೂಕವೂ ಹೊಂದಬೇಕು. ಆದರೆ ಮಣಿಗಳ ಕ್ರಮ ತಪ್ಪಿದರೂ ತೂಕ ಅದೇ. ಲ್ಯೂಸಿನ್ ಇರಬೇಕಾದಲ್ಲಿ ಐಸೋಲ್ಯೂಸಿನ್ ಇದ್ದರೂ ಅದೇ. ಎಡಗೈ ರೂಪದ ಬದಲು ಬಲಗೈ ರೂಪದ ಮಣಿ ಸೇರಿದರೂ ಅದೇ.

ಎರಡನೆಯದು ಎಚ್‌ಪಿಎಲ್‌ಸಿ ಶುದ್ಧತೆ. ಯಾವ ಕೊಳವೆ, ಯಾವ ದ್ರವಗಳು, ಎಷ್ಟು ನಿಮಿಷ, ಯಾವ ತರಂಗಾಂತರ ಎಂಬುದು ಬರೆದಿರಬೇಕು. ಅವಸರದ ಓಟದಲ್ಲಿ ಎರಡು ಅಣುಗಳು ಒಂದೇ ಶಿಖರದಡಿ ಅಡಗಿಕೊಳ್ಳಬಹುದು. ಶಿಖರದ ಹೆಗಲು ಉಬ್ಬಿದೆಯೇ, ಬಾಲ ಎಳೆದಿದೆಯೇ ನೋಡಬೇಕು. ಚಿತ್ರವಿಲ್ಲದೆ ಅಂಕಿ ಮಾತ್ರ ಕೊಟ್ಟರೆ ಅದು ಸಾಕ್ಷಿಯಿಲ್ಲದ ತೀರ್ಪು.

ಮೂರನೆಯದು ನಿವ್ವಳ ಪೆಪ್ಟೈಡ್ ಪ್ರಮಾಣ. ಹೆಚ್ಚಿನವರು ಎಡವುವುದು ಇಲ್ಲಿ. ಶೀಶೆಯಲ್ಲಿ 10 ಮಿಲಿಗ್ರಾಂ ಪುಡಿ ಇದೆ, ಶುದ್ಧತೆ ಶೇಕಡಾ 99 ಎನ್ನೋಣ. ಪುಡಿಯಲ್ಲಿ ಶೇಕಡಾ 6 ನೀರು, ಶುದ್ಧೀಕರಣದಲ್ಲಿ ಬಳಸಿದ ಟ್ರೈಫ್ಲೋರೊಅಸಿಟಿಕ್ ಆಮ್ಲದ ಉಳಿಕೆ ಶೇಕಡಾ 12 ಇದ್ದರೆ? ಇವೆರಡೂ ಆ ವಿಸ್ತೀರ್ಣದ ಲೆಕ್ಕಕ್ಕೆ ಸೇರುವುದಿಲ್ಲ. 10ರಲ್ಲಿ 1.8 ಕಳೆದರೆ 8.2, ಅದರ ಶೇಕಡಾ 99 ಎಂದರೆ ಸುಮಾರು 8.1 ಮಿಲಿಗ್ರಾಂ. ಯಾರೂ ಸುಳ್ಳು ಹೇಳಿಲ್ಲ, ಆದರೂ ಐದನೇ ಒಂದು ಪಾಲು ಹತ್ತಿರ ಪೆಪ್ಟೈಡ್ ಕಡಿಮೆ.

ನಾಲ್ಕನೆಯದು ಹಾಳೆಯಲ್ಲಿ ಇಲ್ಲದ ಸಾಲು. ಬ್ಯಾಕ್ಟೀರಿಯಾದ ಗೋಡೆಯ ಚೂರುಗಳಾದ ಎಂಡೋಟಾಕ್ಸಿನ್‌ಗಳು ಅತ್ಯಲ್ಪ ಪ್ರಮಾಣದಲ್ಲೇ ಜ್ವರ ತರುತ್ತವೆ. ಶುದ್ಧತೆಯ ಶೇಕಡಾವಾರು ಅವನ್ನು ಕಾಣದು. ಅದಕ್ಕೆ ಬೇರೆ ಪರೀಕ್ಷೆ ಇದೆ, ಕುದುರೆಲಾಳ ಏಡಿಯ ನೀಲಿ ರಕ್ತದಿಂದ ಹುಟ್ಟಿದ ಪರೀಕ್ಷೆ. ಸೂಕ್ಷ್ಮಜೀವಿ ಇಲ್ಲ ಎಂಬುದಕ್ಕೆ ಮತ್ತೊಂದು. ಇವುಗಳ ಸಾಲೇ ಇಲ್ಲದಿದ್ದರೆ, ಆ ಹಾಳೆ ಚುಚ್ಚುಮದ್ದಿನ ಬಗ್ಗೆ ಮಾತಾಡುತ್ತಿಲ್ಲ.

ಐದನೆಯದು ನಮ್ಮ ಶಾಸ್ತ್ರದ ಪ್ರಶ್ನೆ: ಈ ಹಾಳೆ ಈ ಶೀಶೆಯದ್ದೇ? ತಯಾರಿಕೆಯ ತಂಡದ ಸಂಖ್ಯೆ, ದಿನಾಂಕ, ಪರೀಕ್ಷಿಸಿದವರು, ಮಾದರಿ ಕೊಟ್ಟವರು. ಮಾರುವವನೇ ಒಳ್ಳೆಯ ಶೀಶೆ ಆರಿಸಿ ಕಳಿಸಿದ್ದರೆ ವರದಿ ಆ ಶೀಶೆಗೆ ಮಾತ್ರ ನಿಜ.

7. ‘ಪತ್ತೆಯಾಗಿಲ್ಲ’: ನಮ್ಮ ಜಿಲ್ಲೆಯ ಅನುಭವ

ವರದಿ ಓದುವುದರ ಬೆಲೆ ಏನೆಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ರೋಗಿಗಳ ಲೆಕ್ಕ ಇಟ್ಟರು, ಪತ್ರಕರ್ತ ಶ್ರೀಪಡ್ರೆ ಬರೆದರು. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್‌ಮೆಂಟ್ ಪಡ್ರೆಯ ರಕ್ತ, ಎದೆಹಾಲು ಮೊದಲಾದ ಮಾದರಿಗಳಲ್ಲಿ ಎಂಡೋಸಲ್ಫಾನ್ ಇದೆ ಎಂದಿತು. ಅದೇ ವರ್ಷ ಕಾರ್ಪೊರೇಶನ್ ಮಾಡಿಸಿದ ಇನ್ನೊಂದು ಪ್ರಯೋಗಾಲಯದ ಅಧ್ಯಯನ ಮನುಷ್ಯರ ರಕ್ತದಲ್ಲಿ ಇಲ್ಲ ಎಂದಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ದೂರದ ಊರಿನ ಮಕ್ಕಳ ಜೊತೆ ಹೋಲಿಸಿ, ಇದೆ ಎಂದಿತು.

ಇಲ್ಲಿ ವಸ್ತು ಬೇರೆ, ಪ್ರಶ್ನೆ ಅದೇ. ‘ಪತ್ತೆಯಾಗಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ, ‘ಈ ಯಂತ್ರದ ಮಿತಿಗಿಂತ ಮೇಲೆ ಇಲ್ಲ’ ಎಂದು. ಎಂಡೋಸಲ್ಫಾನ್‌ಗೆ ಆಲ್ಫಾ, ಬೀಟಾ ಎಂಬ ಎರಡು ರೂಪ, ದೇಹದಲ್ಲೂ ಮಣ್ಣಲ್ಲೂ ಅದು ಸಲ್ಫೇಟ್ ರೂಪಕ್ಕೆ ತಿರುಗಿ ಹೆಚ್ಚು ಕಾಲ ಉಳಿಯುತ್ತದೆ. ಮೂರನ್ನೂ ಹುಡುಕಿದರೇ? ಸಿಂಪಡಣೆಯಾಗಿ ಎಷ್ಟು ದಿನಕ್ಕೆ ಮಾದರಿ ತೆಗೆದರು? ‘ಇದೆ’ ಎಂದವರಿಗೂ ಪ್ರಶ್ನೆ ಇದೆ: ಆ ಶಿಖರ ಬೇರೆ ವಸ್ತುವಿನದ್ದಲ್ಲ ಎಂದು ಎರಡನೆಯ ವಿಧಾನದಿಂದ ದೃಢಪಡಿಸಿಕೊಂಡರೇ? 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಆದರೆ ಸಂತ್ರಸ್ತರ ಪಟ್ಟಿಗೆ ಯಾರು ಸೇರಬೇಕು ಎಂಬ ಜಗಳ ಇದೇ ವಿದ್ಯಾನಗರದ ಕಲೆಕ್ಟರೇಟಿನ ಮುಂದೆ ಆಮೇಲೂ ನಡೆಯಿತು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ಕೂತರು. ಕಾಗದದ ಮೇಲಿನ ಒಂದು ಸಾಲು ಒಂದು ಮನೆಯ ಬದುಕನ್ನು ತೀರ್ಮಾನಿಸಬಲ್ಲದು ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ.

ಉಪಸಂಹಾರವಾಗಿ ಇಷ್ಟು: ಮೊಲ, ಹರಳು, ಜೆಲ್, ಎಚ್‌ಪಿಎಲ್‌ಸಿ, ಮಾಸ್ ಸ್ಪೆಕ್ಟ್ರೋಮೀಟರ್ ಇವು ಒಂದನ್ನೊಂದು ಅಳಿಸಿಹಾಕಿಲ್ಲ. ಪ್ರತಿಯೊಂದೂ ಬೇರೆ ಪ್ರಶ್ನೆ ಕೇಳಿತು. ಬೇರೆ ಬೇರೆ ತತ್ತ್ವದ ಎರಡು ಮೂರು ಪರೀಕ್ಷೆಗಳು ಒಂದೇ ಮಾತು ಹೇಳಿದಾಗ ನಂಬಿಕೆ ಹುಟ್ಟುತ್ತದೆ, ಶಾಸನ, ನಾಣ್ಯ, ಪ್ರವಾಸಿಯ ಬರಹ ಮೂರೂ ಹೊಂದಿದಾಗ ನಾವು ನಂಬುವ ಹಾಗೆ.

ಚರ್ಚೆ

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ): ಹೀಗೆ ಎಲ್ಲ ಪರೀಕ್ಷೆಗೂ ಮಿತಿ ಇದೆ ಅಂದ್ರೆ ಯಾವುದನ್ನೂ ನಂಬಬಾರದು ಅಂತ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಮಿತಿ ಗೊತ್ತಿರುವ ಪರೀಕ್ಷೆಯೇ ನಂಬಲರ್ಹ. ಹಾಲಿನ ಸೊಸೈಟಿಯ ಲ್ಯಾಕ್ಟೋಮೀಟರ್ ನೋಡಿ. ನೀರು ಬೆರೆಸಿದರೆ ಹಾಲಿನ ಸಾಂದ್ರತೆ ಇಳಿದು ಗೊತ್ತಾಗುತ್ತದೆ, ಆಮೇಲೆ ಸಕ್ಕರೆ ಹಾಕಿದರೆ ಮತ್ತೆ ಏರುತ್ತದೆ. ಅದಕ್ಕೆ ಲ್ಯಾಕ್ಟೋಮೀಟರ್ ಬಿಸಾಡಲಿಲ್ಲ, ಸಕ್ಕರೆಯ ಪರೀಕ್ಷೆಯನ್ನೂ ಸೇರಿಸಿದರು. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಬೆರೆಸಿದ್ದೂ ಹೀಗೆಯೇ. ಪರೀಕ್ಷೆ ಅಳೆಯುತ್ತಿದ್ದದ್ದು ಸಾರಜನಕವನ್ನು, ಹೇಳುತ್ತಿದ್ದದ್ದು ಪ್ರೋಟೀನ್ ಎಂದು. ಮೋಸಗಾರರು ಆ ಸಂದಿಯಲ್ಲಿ ನುಗ್ಗಿದರು, ಮಕ್ಕಳು ಸತ್ತರು.

ಪ್ರಶ್ನೆ (ರಸಾಯನಶಾಸ್ತ್ರದ ಅಧ್ಯಾಪಕರು): ಪ್ರಯೋಗಾಲಯಕ್ಕೆ ಶೇಕಡಾ 95 ಸಾಕಾಗುವ ಕೆಲಸಗಳಿವೆ. ಎಲ್ಲಕ್ಕೂ ಔಷಧದ ಮಟ್ಟ ಕೇಳುವುದು ದುಬಾರಿಯಲ್ಲವೇ?

ಉತ್ತರ: ನಿಜ ಸರ್. ಮೊಲಕ್ಕೆ ಚುಚ್ಚಿ ಪ್ರತಿಕಾಯ ತೆಗೆಯಲು ಇನ್ನೂ ಕಡಿಮೆ ಇದ್ದರೂ ನಡೆಯುತ್ತದೆ. ಶುದ್ಧತೆಯನ್ನು ಉಪಯೋಗದಿಂದ ಬೇರ್ಪಡಿಸಿ ಹೇಳಲಾಗದು ಎಂಬುದೇ ನನ್ನ ಮಾತು. ತೊಂದರೆ ಆಗುವುದು ಒಂದು ಉಪಯೋಗಕ್ಕೆ ಬರೆದ ಹಾಳೆಯನ್ನು ಇನ್ನೊಂದಕ್ಕೆ ತೋರಿಸಿದಾಗ. ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ ಅಲಂಕಾರವಲ್ಲ. ಮನುಷ್ಯರ ಮೈಗೆ ಚುಚ್ಚಲು ಬೇಕಾದ ಪರೀಕ್ಷೆಗಳನ್ನು ನಾವು ಮಾಡಿಲ್ಲ ಅಂತ ಅದು ನೇರವಾಗಿ ಹೇಳುತ್ತದೆ. ಹಾಳೆಯಲ್ಲಿ ಮೊದಲು ಓದಬೇಕಾದ ಸಾಲು ಅದು.

ಪ್ರಶ್ನೆ (ಸಹಪಾಠಿ): ಸಾಮಾನ್ಯ ಜನ ಇಷ್ಟೆಲ್ಲ ಓದಲಿಕ್ಕೆ ಆಗ್ತದಾ?

ಉತ್ತರ: ಎಲ್ಲ ಬೇಡ. ಮೂರು ಕೇಳಿದರೆ ಸಾಕು. ಇದು ಇದೇ ಶೀಶೆಯ ವರದಿಯಾ? ಏನನ್ನು ಹುಡುಕಿದ್ದಾರೆ? ಏನನ್ನು ಹುಡುಕಿಯೇ ಇಲ್ಲ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಸೂಜಿ ಕೆಳಗಿಡುವುದು ಒಳ್ಳೆಯದು.